ಒಂದು ಕೋಟಿ ಮೊದಲು ಯಾರ ಕೈಗೆ? ಮಂಡ್ಯ ಸೀಮೆಯಲ್ಲಿ ಸರ್ಕಾರಿ ಖರ್ಚಿನ ಆಯ್ಕೆಗಳ ಹೋಲಿಕೆ

ಬಜೆಟ್ ಮಂಡನೆಯಾದ ಮರುದಿನ ಮಂಡ್ಯದ ಹೋಟೆಲುಗಳಲ್ಲಿ ಕಾಫಿಯ ಜೊತೆಗೆ ಒಂದು ಜಗಳವೂ ಬರುತ್ತದೆ. "ಬಿಟ್ಟಿ ಹಂಚೋ ದುಡ್ಡಲ್ಲಿ ಎಷ್ಟು ನಾಲೆ ರಿಪೇರಿ ಆಗ್ತಿತ್ತು ಗೊತ್ತಾ?" ಎನ್ನುತ್ತಾರೆ ಒಬ್ಬರು. "ನಾಲೆ ರಿಪೇರಿ ಆದ್ರೆ ಗುತ್ತಿಗೆದಾರನ ಮನೆ ಇನ್ನೊಂದು ಮಹಡಿ ಏಳುತ್ತೆ, ನಮಗೇನು ಬಂತು?" ಎನ್ನುತ್ತಾರೆ ಇನ್ನೊಬ್ಬರು. ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಇಬ್ಬರೂ ಯೋಜನೆಯ ಹೆಸರು ಹಿಡಿದು ವಾದಿಸುತ್ತಾರೆ. ಆ ದುಡ್ಡು ಬೀಳುವ ಊರಿನಲ್ಲಿ ಯಾರ ಬಳಿ ಜಮೀನಿದೆ, ಯಾರ ಬಳಿ ಉಳಿತಾಯವಿದೆ, ಯಾರು ತಿಂಗಳ ಕೊನೆಗೆ ಬರಿಗೈಯಾಗುತ್ತಾರೆ ಎಂದು ನೋಡುವುದಿಲ್ಲ. ಸರ್ಕಾರದ ಒಂದು ರೂಪಾಯಿ ಎಷ್ಟು ಕೈ ದಾಟುತ್ತದೆ ಎಂಬುದು ಬಹುಮಟ್ಟಿಗೆ ಅದರ ಮೇಲೇ ನಿಂತಿದೆ. ಅಸಮಾನತೆಯನ್ನು ನಾವು ಸರ್ಕಾರದ ನೀತಿಯ ಫಲವೆಂದು ಮಾತ್ರ ಲೆಕ್ಕ ಹಾಕುತ್ತೇವೆ. ಅದೇ ಅಸಮಾನತೆ ಮುಂದಿನ ವರ್ಷದ ಖರ್ಚು ಫಲ ಕೊಡುತ್ತದೋ ಇಲ್ಲವೋ ಎಂಬುದನ್ನೂ ತೀರ್ಮಾನಿಸುತ್ತದೆ.

ಹಾಗಾಗಿ ಒಂದು ಲೆಕ್ಕ ಹಾಕೋಣ. ಜಿಲ್ಲೆಗೆ 1 ಕೋಟಿ ರೂಪಾಯಿ ಬಂತು ಅಂದುಕೊಳ್ಳಿ. ಅದನ್ನು ಮನೆಯೊಡತಿಯ ಖಾತೆಗೆ ಹಾಕಬಹುದು, ಕೂಲಿ ಕೆಲಸ ಕೊಡಬಹುದು, ನಾಲೆಗೆ ಸುರಿಯಬಹುದು, ಹೆದ್ದಾರಿಗೆ ಕೊಡಬಹುದು, ಹಾಲಿನ ಪ್ರೋತ್ಸಾಹಧನ ಮಾಡಬಹುದು, ಇಲ್ಲವೇ ತೆರಿಗೆಯನ್ನೇ ಬಿಡಬಹುದು. ಪಂಚಾಯಿತಿಯಲ್ಲಿ ಕ್ರಿಯಾಯೋಜನೆಗೆ ಕೈ ಎತ್ತುವವರಿಗೂ ಓಟು ಹಾಕುವವರಿಗೂ ಇದು ಉಪಯೋಗಕ್ಕೆ ಬಂದೀತು.

ಅಳೆಯುವುದು ಹೇಗೆ

ಸರ್ಕಾರ ಖರ್ಚು ಮಾಡಿದ ರೂಪಾಯಿ ಒಬ್ಬರ ಆದಾಯವಾಗುತ್ತದೆ. ಅವರು ಅದರಲ್ಲಿ ಒಂದು ಪಾಲು ಖರ್ಚು ಮಾಡಿದರೆ ಅದು ಇನ್ನೊಬ್ಬರ ಆದಾಯ. ಹೀಗೆ ಸುತ್ತಿ ಸುತ್ತಿ ಒಟ್ಟು ಎಷ್ಟು ಆದಾಯ ಹುಟ್ಟಿತು ಎನ್ನುವುದಕ್ಕೆ ಅರ್ಥಶಾಸ್ತ್ರದಲ್ಲಿ ಗುಣಕ ಎನ್ನುತ್ತಾರೆ. 1931ರಲ್ಲಿ ರಿಚರ್ಡ್ ಕಾನ್ ಇದರ ಲೆಕ್ಕ ಕೊಟ್ಟರು, 1936ರಲ್ಲಿ ಕೇನ್ಸ್ ಅದನ್ನು ತಮ್ಮ ಸಿದ್ಧಾಂತದ ನಡುಗಂಬ ಮಾಡಿಕೊಂಡರು. ಪ್ರತಿ ಕೈಯಿಂದ ರೂಪಾಯಿಗೆ 20 ಪೈಸೆ ಮಾತ್ರ ತಾಲ್ಲೂಕಿನೊಳಗೆ ಮುಂದಕ್ಕೆ ಹೋದರೆ ಒಟ್ಟು ಆದಾಯ 1 ರೂಪಾಯಿ 25 ಪೈಸೆ. 50 ಪೈಸೆ ಹೋದರೆ 2 ರೂಪಾಯಿ. 60 ಪೈಸೆ ಹೋದರೆ ಎರಡೂವರೆ. ನಾಲೆಯಲ್ಲಿ ನೀರು ಹೋಗುವ ಹಾಗೆಯೇ ಇದು: ತೂಬಿನಿಂದ ತೂಬಿಗೆ ಎಷ್ಟು ಸೋರುತ್ತದೋ ಅದರ ಮೇಲೆ ಕೊನೆಯವನ ಗದ್ದೆ.

ಸೋರಿಕೆ ಎರಡು ಬಗೆ. ಒಂದು, ಖರ್ಚಾಗದೆ ಉಳಿತಾಯಕ್ಕೆ, ಚಿನ್ನಕ್ಕೆ ಹೋಗುವುದು. ಎರಡು, ಖರ್ಚಾದರೂ ಊರ ಹೊರಗಿನ ಸರಕಿಗೆ ಹೋಗುವುದು. ಮೊದಲನೆಯ ಸೋರಿಕೆ ಬಡವರಲ್ಲಿ ಕಡಿಮೆ, ಅದು ಎಲ್ಲರಿಗೂ ಗೊತ್ತು. ಕೇಂದ್ರ ಸರ್ಕಾರದ 2022-23ರ ಕುಟುಂಬ ವೆಚ್ಚ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಅತ್ಯಂತ ಬಡ ಶೇ 5ರಷ್ಟು ಜನರ ತಲಾ ತಿಂಗಳ ವೆಚ್ಚ 1,373 ರೂಪಾಯಿ. ಮೇಲಿನ ಶೇ 5ರಷ್ಟು ಜನರದ್ದು 10,501. ಇದು ವೆಚ್ಚದ ಅಂತರವಷ್ಟೇ, ಆದಾಯ ಮತ್ತು ಆಸ್ತಿಯ ಅಂತರ ಇದಕ್ಕಿಂತ ಎಷ್ಟೋ ಹಿರಿದು. 1,373ರಲ್ಲಿ ತಿಂಗಳು ತಳ್ಳುವವರ ಕೈಗೆ ನೂರು ರೂಪಾಯಿ ಹೆಚ್ಚಿಗೆ ಬಿದ್ದರೆ ಅದು ಸಂಜೆಯೊಳಗೆ ಅಂಗಡಿಯಲ್ಲಿರುತ್ತದೆ.

ಇಲ್ಲಿ ಎರಡು ಅಧ್ಯಯನಗಳು ಒಂದಕ್ಕೊಂದು ತಿಕ್ಕಾಡುವಂತೆ ಕಾಣುತ್ತವೆ. ದೆಹಲಿಯ ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯ ಸುಕನ್ಯಾ ಬೋಸ್ ಮತ್ತು ಎನ್. ಆರ್. ಭಾನುಮೂರ್ತಿ 2013ರಲ್ಲಿ ಭಾರತಕ್ಕೆ ಗುಣಕ ಕಟ್ಟಿದಾಗ ರಸ್ತೆ, ಅಣೆಕಟ್ಟು ಮುಂತಾದ ಬಂಡವಾಳ ವೆಚ್ಚಕ್ಕೆ 2.45, ಸರ್ಕಾರ ಕೊಡುವ ವರ್ಗಾವಣೆ ಪಾವತಿಗಳಿಗೆ 0.98 ಬಂತು. "ನೋಡಿ, ಬಿಟ್ಟಿಗಿಂತ ರಸ್ತೆ ಎರಡೂವರೆ ಪಟ್ಟು ಮೇಲು" ಎನ್ನುವವರ ಬತ್ತಳಿಕೆಯಲ್ಲಿರುವ ಬಾಣ ಇದು. ಇನ್ನೊಂದು ಕಡೆ, ಕೀನ್ಯಾದ ಹಳ್ಳಿಗಳಲ್ಲಿ ಸುಮಾರು ಹತ್ತೂವರೆ ಸಾವಿರ ಬಡ ಕುಟುಂಬಗಳಿಗೆ ತಲಾ 1,000 ಡಾಲರ್‌ನಷ್ಟು ನಗದು ಕೊಟ್ಟು ಅಳೆದ ಪ್ರಯೋಗದಲ್ಲಿ (ಪ್ರಕಟವಾದದ್ದು 2022ರಲ್ಲಿ) ಗುಣಕ ಎರಡೂವರೆಯ ಆಸುಪಾಸು ಬಂತು. ದುಡ್ಡು ಪಡೆಯದ ನೆರೆಮನೆಗಳ ಖರ್ಚು ಕೂಡ ಏರಿತ್ತು. ಬೆಲೆಗಳು ಏರಿದ್ದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ.

ಎರಡೂ ಸುಳ್ಳಲ್ಲ. ಮೊದಲನೆಯದು ಇಡೀ ದೇಶದ ಸರಾಸರಿ. ಅಲ್ಲಿ ವರ್ಗಾವಣೆ ಎಂದರೆ ಉಳ್ಳವರು, ಇಲ್ಲದವರು ಎಲ್ಲರಿಗೂ ಹೋಗುವ ನಾನಾ ಬಗೆಯ ಹಣ ಸೇರಿರುತ್ತದೆ. ಎರಡನೆಯದರಲ್ಲಿ ಹುಲ್ಲು ಚಾವಣಿಯ ಮನೆಗಳನ್ನೇ ಆರಿಸಿ ಕೊಟ್ಟದ್ದು, ಅದೂ ಅಂಗಡಿಗಳಲ್ಲಿ ಗಿರಾಕಿಗಳೇ ಇಲ್ಲದ ಊರುಗಳಲ್ಲಿ. ಪೆಡ್ರೊ ಬ್ರಿಂಕಾ ಮತ್ತು ಜೊತೆಗಾರರು 2016ರಲ್ಲಿ ಹಲವು ದೇಶಗಳನ್ನು ಹೋಲಿಸಿ ಹೇಳಿದ್ದೂ ಇದಕ್ಕೆ ಹತ್ತಿರದ ಮಾತು: ಸಂಪತ್ತಿನ ಅಸಮಾನತೆ ಹೆಚ್ಚಿದ್ದು, ಉಳಿತಾಯವೂ ಇಲ್ಲದ, ಸಾಲವೂ ಸುಲಭಕ್ಕೆ ಹುಟ್ಟದ ಮನೆಗಳು ಜಾಸ್ತಿ ಇರುವ ಕಡೆ ಸರ್ಕಾರಿ ಖರ್ಚಿನ ಗುಣಕ ದೊಡ್ಡದು. ಬರಿಗೈ ಮನೆಗಳಿಗೆ ಆ ದುಡ್ಡು ಮುಟ್ಟಿದರೆ ತಾನೆ? ಭಾರತದಲ್ಲಿ 2022-23ರ ಹೊತ್ತಿಗೆ ಮೇಲಿನ ಶೇ 1 ಮಂದಿಯ ಬಳಿ ದೇಶದ ಸಂಪತ್ತಿನ ಶೇ 40.1 ಇತ್ತೆಂದು ತೋಮಾ ಪಿಕೆಟ್ಟಿ ಮತ್ತು ಸಂಗಡಿಗರ ಅಂದಾಜು. ಇಂಥ ದೇಶದಲ್ಲಿ "ಸರಾಸರಿ ಗುಣಕ"ವನ್ನು ಹಿಡಿದು ಯೋಜನೆ ಆರಿಸುವುದು ನನಗಂತೂ ಒಪ್ಪಿಗೆಯಿಲ್ಲ.

ನಗದು: ಗೃಹಲಕ್ಷ್ಮಿ, ಪಿಎಂ ಕಿಸಾನ್, ಅಕ್ಕಿಯ ದುಡ್ಡು

ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿದ್ದು 2023ರ ಆಗಸ್ಟ್ 30ರಂದು, ಮೈಸೂರಿನಲ್ಲೇ. ಮನೆಯ ಯಜಮಾನಿಗೆ ತಿಂಗಳಿಗೆ 2,000. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಮನೆಗಳಿಗಿಲ್ಲ. ನಮ್ಮ 1 ಕೋಟಿಯಲ್ಲಿ 416 ಮನೆಗಳಿಗೆ ಒಂದು ವರ್ಷ ಕೊಡಬಹುದು. ಪಿಎಂ ಕಿಸಾನ್ ವರ್ಷಕ್ಕೆ 6,000. ಅದೇ ಕೋಟಿ 1,666 ರೈತರಿಗೆ ಸಾಲುತ್ತದೆ.

ಲೆಕ್ಕದಲ್ಲಿ ಎರಡೂ ನಗದೇ. ಊರಿನಲ್ಲಿ ಇಳಿಯುವ ಕೈ ಬೇರೆ. ಪಿಎಂ ಕಿಸಾನ್ ಕೇಳುವುದು ಪಹಣಿಯಲ್ಲಿ ಹೆಸರು. ಅರ್ಧ ಎಕರೆಯವನಿಗೂ ಐದೆಕರೆಯವನಿಗೂ ಅದೇ ಆರು ಸಾವಿರ, ಅಷ್ಟರ ಮಟ್ಟಿಗೆ ಅದು ಸಮಾನತೆಯ ಕಡೆಗಿದೆ. ಆದರೆ ಬೇರೆಯವರ ಗದ್ದೆಯನ್ನು ವಾರಕ್ಕೆ, ಅಂದರೆ ಪಾಲಿಗೆ, ಮಾಡುವವನಿಗೆ, ಕಬ್ಬು ಕಡಿಯುವವಳಿಗೆ, ಮೈಸೂರಿನಲ್ಲಿ ಮನೆ ಮಾಡಿಕೊಂಡು ಊರಿನ ಜಮೀನು ಬೇರೆಯವರಿಗೆ ಬಿಟ್ಟವನ ಆಳಿಗೆ ಸೊನ್ನೆ. ಗೃಹಲಕ್ಷ್ಮಿ ಪಹಣಿ ಕೇಳುವುದಿಲ್ಲ. ಭೂಮಿ ಯಾರದೆಂಬುದರ ಮೇಲೆ ಊರಿನ ಅಂತರ ನಿಂತಿರುವ ಕಡೆ ಈ ಒಂದು ವ್ಯತ್ಯಾಸವೇ ಸಾಕು, ಗೃಹಲಕ್ಷ್ಮಿಯ ರೂಪಾಯಿ ಹೆಚ್ಚು ದೂರ ಓಡುತ್ತದೆ.

ಎರಡು ಸಾವಿರ ಎಲ್ಲಿಗೆ ಹೋಗುತ್ತದೆ ಎಂದು ಹಿಡಿದುಕೊಂಡು ಹೋದರೆ ಲೆಕ್ಕ ಸ್ವಲ್ಪ ತೊಡಕಾಗುತ್ತದೆ. ಸೊಪ್ಪು, ತರಕಾರಿ, ಹಾಲು, ಕೋಳಿ, ಹೊಲಿಗೆ, ಆಟೋ, ಮಗುವಿನ ಟ್ಯೂಷನ್ ಎಂದು ಹೋದದ್ದು ತಾಲ್ಲೂಕಿನಲ್ಲೇ ತಿರುಗುತ್ತದೆ. ಅಡುಗೆ ಎಣ್ಣೆಗೆ ಹೋದದ್ದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ, ಮಲೇಷ್ಯಾ ಸೇರುತ್ತದೆ. ಮೊಬೈಲ್ ರೀಚಾರ್ಜ್ ಜಿಲ್ಲೆ ಬಿಟ್ಟು ಹೋಗುವುದು ಒಂದೇ ಕ್ಷಣದಲ್ಲಿ. ಇದಕ್ಕಿಂತ ದೊಡ್ಡದು ಸಾಲದ ಕಂತು. ವಾರದ ಸಂಘ, ಫೈನಾನ್ಸ್ ಕಂತುಗಳ ಒತ್ತಡ ಎಲ್ಲಿಗೆ ಮುಟ್ಟಿತ್ತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಎರಡು ಸಾವಿರ ಬಂದ ದಿನವೇ ಕಂತಿಗೆ ಹೋದರೆ ಅದು ಊರ ಅಂಗಡಿ ಮುಟ್ಟದೆ ಮೇಲಕ್ಕೇ ಹತ್ತುತ್ತದೆ, ಗುಣಕವೂ ಇಳಿಯುತ್ತದೆ. ಹಾಗೆಂದು ಅದು ವ್ಯರ್ಥವೂ ಅಲ್ಲ. ಬಡ್ಡಿ ತಗ್ಗಿದ ಮನೆ ಮುಂದಿನ ವರ್ಷ ಖರ್ಚು ಮಾಡುತ್ತದೆ. ಈ ವರ್ಷದ ಲೆಕ್ಕಕ್ಕೆ ಮಾತ್ರ ಅದು ಬರುವುದಿಲ್ಲ. ತೀರಾ ಅಸಮಾನವಾದ ಊರಲ್ಲಿ ಬಡವರ ಖರ್ಚಿನ ಪ್ರವೃತ್ತಿಯೂ ಹೆಚ್ಚು, ಸಾಲದ ಹೊರೆಯೂ ಹೆಚ್ಚು. ಒಂದು ಗುಣಕವನ್ನು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಪುಸ್ತಕದ ಸೂತ್ರದಲ್ಲಿ ಎರಡನೆಯದು ಸುಲಭವಾಗಿ ಮರೆಯಾಗುತ್ತದೆ.

ಕಂತು ತಿಂಗಳಿಗೆ ಸರಿಯಾಗಿ ಬೀಳುವುದೂ ಮುಖ್ಯ. ತಿಂಗಳು ತಿಂಗಳು ಬಿದ್ದ ಎರಡು ಸಾವಿರ ದಿನಸಿಗೆ ಹೋಗುತ್ತದೆ. ಮೂರು ತಿಂಗಳದ್ದು ಒಟ್ಟಿಗೆ ಬಿದ್ದ ಆರು ಸಾವಿರ ಫ್ರಿಜ್ಜಿನ ಮುಂಗಡಕ್ಕೋ, ಒಂದು ಗ್ರಾಂ ಕೂಡ ಬಾರದ ಚಿನ್ನದ ಚೀಟಿಗೋ ಹೋಗುವುದು ಹೆಚ್ಚು.

ಅನ್ನಭಾಗ್ಯದಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು 2023ರ ಜುಲೈನಿಂದ ತಲೆಗೆ 170 ರೂಪಾಯಿ ಕೊಡುತ್ತಿದ್ದರು. 2025ರಲ್ಲಿ ಮತ್ತೆ ಅಕ್ಕಿಗೇ ಮರಳಿದರು. ಊರಿನ ಆದಾಯದ ಕಣ್ಣಿನಿಂದ ನೋಡಿದರೆ ಹೊರಗಿನಿಂದ ತಂದ ಅಕ್ಕಿಗಿಂತ ನಗದು ಮೇಲು. ಆದರೆ ಅದಕ್ಕಿಂತಲೂ ಮೇಲಿನದೊಂದಿದೆ, ಅದೇ ರಾಗಿ. ಬೆಂಬಲ ಬೆಲೆಯಲ್ಲಿ (2025-26ಕ್ಕೆ ಕ್ವಿಂಟಲ್‌ಗೆ 4,886) ನಾಗಮಂಗಲ, ಕೆ.ಆರ್. ಪೇಟೆಯ ಬೆದ್ದಲು ರೈತರಿಂದ ಕೊಂಡು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೇ ಕೊಟ್ಟರೆ ಅದೇ ರೂಪಾಯಿ ಒಣ ಸೀಮೆಯ ರೈತನ ಕೈಯನ್ನೂ ದಾಟುತ್ತದೆ, ಕೂಲಿಯವರ ತಟ್ಟೆಯನ್ನೂ ತಲುಪುತ್ತದೆ. ರಾಗಿಗೆ ನಾಲೆಯೂ ಬೇಡ. ಇದರ ಬಗ್ಗೆ ಗದ್ದಲ ಕಡಿಮೆ, ಯಾಕೋ ಗೊತ್ತಿಲ್ಲ.

ಕೂಲಿ ಕೆಲಸ

2005ರ ಉದ್ಯೋಗ ಖಾತರಿ ಕಾಯ್ದೆ ತಂದ ಲೆಕ್ಕದಲ್ಲಿ ಖರ್ಚಿನ ಶೇ 60 ಆದರೂ ಕೂಲಿಗೆ ಹೋಗಬೇಕು, ಸಾಮಗ್ರಿಗೆ ಶೇ 40 ಮೀರಬಾರದು. 2025-26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ. ನಮ್ಮ ಕೋಟಿಯಲ್ಲಿ 60 ಲಕ್ಷ ಕೂಲಿಯಾದರೆ ಸುಮಾರು 16,200 ಮಾನವ ದಿನ, ಅಂದರೆ 162 ಮನೆಗಳಿಗೆ ನೂರು ನೂರು ದಿನ. ಗೃಹಲಕ್ಷ್ಮಿಯ 416 ಮನೆಗಳ ಎದುರು ಇದು ಕಡಿಮೆ ಕಾಣುತ್ತದೆ. ಆದರೆ ಪ್ರತಿ ಮನೆಗೆ ಬರುವುದು 37,000, ಜೊತೆಗೊಂದು ಕೆರೆಯ ಹೂಳೋ ಬದುವೋ ದನದ ಕೊಟ್ಟಿಗೆಯೋ ಉಳಿಯುತ್ತದೆ.

ನಗದಿಗೆ ಹೋಲಿಸಿದರೆ ಕೂಲಿ ಕೆಲಸದ ಬಲ ಬೇರೆಲ್ಲೋ ಇದೆ. ಬೆಳಿಗ್ಗೆ ಎದ್ದು ಬುಟ್ಟಿ ಹೊರಲು ಐದೆಕರೆಯವನು ಬರುವುದಿಲ್ಲ. ಬಡವರನ್ನು ಆರಿಸುವ ಕೆಲಸವನ್ನು ಬಿಪಿಎಲ್ ಪಟ್ಟಿಗಿಂತ ಬಿಸಿಲೇ ಚೆನ್ನಾಗಿ ಮಾಡುತ್ತದೆ. ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ, ಇದು ಗದ್ದೆಯಲ್ಲಿ ಇಂದಿಗೂ ಇಲ್ಲ. ಆಂಧ್ರದಲ್ಲಿ ಈ ಯೋಜನೆಯ ಪಾವತಿಯನ್ನು ಸರಿಪಡಿಸಿದಾಗ ಏನಾಯಿತೆಂದು ಕಾರ್ತಿಕ್ ಮುರಳೀಧರನ್, ಪಾಲ್ ನಿಹಾಸ್, ಸಂದೀಪ್ ಸುಖ್ತಂಕರ್ ಅಳೆದರು. ಬಡ ಮನೆಗಳ ಆದಾಯ ಏರಿತು, ಅದರಲ್ಲಿ ಬಹುಪಾಲು ಬಂದದ್ದು ಯೋಜನೆಯ ಕೂಲಿಯಿಂದಲ್ಲ, ಹೊರಗಿನ ಗದ್ದೆ, ಗಾರೆ ಕೆಲಸದ ಕೂಲಿ ಏರಿದ್ದರಿಂದ. ಸರ್ಕಾರ ಕೊಟ್ಟ ಕೆಲಸ ಇದೆ ಎಂಬ ಧೈರ್ಯದಲ್ಲಿ ಆಳು ಜಮೀನ್ದಾರನ ಮುಂದೆ ಚೌಕಾಸಿ ಮಾಡಬಲ್ಲ. "ನಾಟಿಗೆ ಆಳೇ ಸಿಗ್ತಿಲ್ಲ, ಎಲ್ಲಾ ಆ ಯೋಜನೆಯಿಂದ" ಎಂಬ ಗೊಣಗಾಟವನ್ನು ನಾವು ದೂರೆಂದು ಕೇಳಿಸಿಕೊಳ್ಳುತ್ತೇವೆ. ಅದರ ಇನ್ನೊಂದು ಮಗ್ಗುಲೇ ಈ ಫಲಿತಾಂಶ.

ಕೊರತೆಗಳೂ ಸಣ್ಣವಲ್ಲ. ಕೂಲಿ ತಿಂಗಳುಗಟ್ಟಲೆ ತಡವಾದರೆ ಅಂಥ ಕೆಲಸಕ್ಕೆ ತೀರಾ ಬಡವರು ಬರಲಾಗುವುದಿಲ್ಲ, ಅವರಿಗೆ ಸಂಜೆಯ ಕಾಸು ಬೇಕು. ಜೆಸಿಬಿ ರಾತ್ರಿ ಬಂದು ಹೂಳೆತ್ತಿ, ಹಗಲು ಹಾಜರಿ ಬಿದ್ದರೆ ಕೂಲಿಯ ಗುಣಕ ಅಲ್ಲಿಗೆ ಮುಗಿಯಿತು. ಆ ದುಡ್ಡು ಡೀಸೆಲ್ಲಿಗೂ ಯಂತ್ರದ ಸಾಲದ ಕಂತಿಗೂ ಹೋಗುತ್ತದೆ. ಕಾಲವೂ ಮುಖ್ಯ. ನಾಟಿಯ ಜುಲೈ, ಆಗಸ್ಟಿನಲ್ಲಿ ಕೆಲಸ ತೆಗೆದರೆ ಕೂಲಿದರ ಏರುವುದೇ ಹೆಚ್ಚು. ಸಣ್ಣ ರೈತನಿಗೂ ಅದು ಹೊರೆ. ಮಾರ್ಚ್‌ನಿಂದ ಮೇವರೆಗೆ, ಕೈ ಖಾಲಿ ಇರುವಾಗ ತೆಗೆದರೆ ಹೊಸ ಆದಾಯ ಹುಟ್ಟುತ್ತದೆ.

ನಾಲೆ: ಮಂಡ್ಯವೇ ಇದರ ಪ್ರಯೋಗಶಾಲೆ

ಬಂಡವಾಳ ವೆಚ್ಚದ ಪರ ವಾದಿಸುವವರಿಗೆ ಮಂಡ್ಯಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಇರ್ವಿನ್ ನಾಲೆ, ಅಂದರೆ ಇಂದಿನ ವಿ.ಸಿ. ನಾಲೆ, ನೀರು ತಂದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು, ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅದರ ಬೆನ್ನಿಗೆ ನಿಂತಿದ್ದರು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು. ಯಾವ ನಗದು ಯೋಜನೆಯೂ ಒಂದು ಜಿಲ್ಲೆಯನ್ನು ಹುಟ್ಟಿಸಿಲ್ಲ.

ಆದರೆ ಆ ಲಾಭ ಯಾರ ನಡುವೆ ಹೇಗೆ ಹಂಚಿಹೋಯಿತು? ಅದನ್ನು ಹತ್ತಿರದಿಂದ ನೋಡಿದವರು ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್. 1954ರಿಂದ 56ರವರೆಗೆ ಅವರು ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿ, ಹೆಸರು ಮರೆಸಿ, ಒಂದನ್ನು ವಂಗಲ ಎಂದೂ ಇನ್ನೊಂದನ್ನು ದಲೇನ ಎಂದೂ ಕರೆದರು. ವಂಗಲಕ್ಕೆ ನಾಲೆ ನೀರು ಬಂದಿತ್ತು. ದಲೇನದ ನೆಲ ಎತ್ತರದಲ್ಲಿದ್ದುದರಿಂದ ಬರಲಿಲ್ಲ. ವಂಗಲ ಕಬ್ಬು ಬೆಳೆದು ಶ್ರೀಮಂತವಾಯಿತು. ಆದರೆ ಒಕ್ಕಲು ಮನೆಗಳಿಗೂ ಆದಿಕರ್ನಾಟಕ ಕೂಲಿಗಳಿಗೂ ಇದ್ದ ವಂಶಪಾರಂಪರ್ಯದ ಒಡೆಯ-ಆಳು ಸಂಬಂಧ ಹಾಗೇ ಉಳಿಯಿತು. ನೀರು ಭೂಮಿಗೆ ಬಂದದ್ದು, ಭೂಮಿ ಇದ್ದವರಿಗೆ ಬಂದಂತೆ. ನೀರಿಲ್ಲದ ದಲೇನದವರು ಮಂಡ್ಯ ಪೇಟೆಗೆ, ಕಾರ್ಖಾನೆಗೆ, ಗಾಡಿ ಬಾಡಿಗೆಗೆ, ವ್ಯಾಪಾರಕ್ಕೆ ಇಳಿದರು. ಅಲ್ಲಿ ಹಳೆಯ ಕಟ್ಟುಗಳು ಸಡಿಲವಾದವು. 1970ರಲ್ಲಿ ಅವರು ಮತ್ತೆ ಬಂದು ನೋಡಿದಾಗ ಉಳ್ಳವರ, ಇಲ್ಲದವರ ನಡುವಿನ ಅಂತರ ಇನ್ನೂ ಅಗಲವಾಗಿತ್ತು.

ಇದನ್ನು ನಾಲೆಯ ವಿರುದ್ಧದ ವಾದವೆಂದು ಓದಬೇಡಿ. ದಲೇನದವರು ಕೆಲಸ ಕಂಡದ್ದೂ ನಾಲೆ ಎಬ್ಬಿಸಿದ ಮಂಡ್ಯ ಪೇಟೆಯಲ್ಲೇ. ಅಂದರೆ ಗುಣಕ ಜಿಲ್ಲೆಯ ಮಟ್ಟದಲ್ಲಿ ದೊಡ್ಡದೇ ಇತ್ತು. ಹಂಚಿಕೆ ಮಾತ್ರ ಪಹಣಿಯ ಗೆರೆ ಹಿಡಿದೇ ನಡೆಯಿತು.

ಇವತ್ತಿನ ಪ್ರಶ್ನೆ ಹೊಸ ನಾಲೆಯದಲ್ಲ, ಹಳೆಯದರ ಆಧುನೀಕರಣದ್ದು. ಇಲ್ಲಿ ಕಾಮಗಾರಿಯ ದುಡ್ಡು ಸಿಮೆಂಟು, ಕಬ್ಬಿಣ, ಯಂತ್ರ, ಹೊರಗಿನ ಗುತ್ತಿಗೆದಾರ ಎಂದು ಮೊದಲ ಸುತ್ತಿನಲ್ಲೇ ಜಿಲ್ಲೆ ಬಿಡುತ್ತದೆ. ಫಲ ಬರುವುದು ಆಮೇಲೆ, ಎಕರೆ ಲೆಕ್ಕದಲ್ಲಿ. ಆದರೂ ಇದರಲ್ಲೊಂದು ಸಮಾನತೆಯ ಎಳೆ ಇದೆ. ನಾಲೆಯ ತಲೆಭಾಗದವರು ಭತ್ತ, ಕಬ್ಬು ಎಂದು ಕುಡಿದ ಮೇಲೆ ಮದ್ದೂರು, ಮಳವಳ್ಳಿಯ ಕೊನೆ ಭಾಗಕ್ಕೆ ಕಟ್ಟು ಪದ್ಧತಿಯಲ್ಲೂ (ಸರದಿಯ ಮೇಲೆ ನೀರು ಬಿಟ್ಟರೂ) ನೀರು ಮುಟ್ಟುವುದು ಕಷ್ಟ. ಸೋರಿಕೆ ತಡೆದದ್ದರ ಲಾಭ ನಿಜವಾಗಿ ಕೊನೆ ಭಾಗಕ್ಕೆ ಸಿಕ್ಕರೆ ರೈತ-ರೈತರ ನಡುವಿನ ಅಂತರ ತಗ್ಗುತ್ತದೆ. ಹಾಗಾಗಿ ನಾಲೆ ಕಾಮಗಾರಿಯ ಅಂದಾಜುಪಟ್ಟಿ ಕಂಡಾಗ ಕೇಳಬೇಕಾದ್ದು ಎಷ್ಟು ಕಿಲೋಮೀಟರ್ ಕಾಂಕ್ರೀಟ್ ಎಂದಲ್ಲ, ಯಾವ ವಿತರಣಾ ನಾಲೆಯ ಕೊನೆಯ ತೂಬಿಗೆ ಎಷ್ಟು ದಿನ ನೀರು ಎಂದು. ಕಾಂಕ್ರೀಟ್ ಹಾಕಿದ ಮೇಲೆ ಪಕ್ಕದ ಬಾವಿಗಳಿಗೆ ಇಂಗುವ ನೀರು ಕಡಿಮೆಯಾಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಹೆದ್ದಾರಿ

ಬೆಂಗಳೂರು-ಮೈಸೂರು ಹೆದ್ದಾರಿ 118 ಕಿಲೋಮೀಟರ್, ವೆಚ್ಚ ಸುಮಾರು 8,480 ಕೋಟಿ. 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದ್ದು ಮಂಡ್ಯ ಜಿಲ್ಲೆಯಲ್ಲೇ. ಕಿಲೋಮೀಟರಿಗೆ 72 ಕೋಟಿ ಬಿತ್ತು. ನಮ್ಮ ಒಂದು ಕೋಟಿಗೆ ಹದಿನಾಲ್ಕು ಮೀಟರ್ ರಸ್ತೆ.

ಬೆಂಗಳೂರಿನಿಂದ ಮೈಸೂರಿಗೆ ಬರುವ ಪ್ರವಾಸಿಗೆ, ಕೈಗಾರಿಕೆಗೆ, ಸೈಟು ಮಾರುವವರಿಗೆ ಇದರ ಲಾಭ ಸ್ಪಷ್ಟ. ಮೈಸೂರು ನಗರದ ಲೆಕ್ಕದಲ್ಲಿ ನಾನು ಇದನ್ನು ಒಳ್ಳೆಯ ಖರ್ಚೆಂದೇ ಹೇಳುತ್ತೇನೆ. ಮಂಡ್ಯದ ಲೆಕ್ಕ ಬೇರೆ. ಬೈಪಾಸುಗಳು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬಳಸಿ ಹೋದ ಮೇಲೆ ಹಳೆಯ ರಸ್ತೆಯ ಹೋಟೆಲು, ಎಳನೀರು, ವಡೆ ಮಾರುವವರ ಗಿರಾಕಿ ಮೇಲಿಂದ ಮೇಲೇ ಹಾರಿಹೋದ. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಸುರಕ್ಷತೆಗೆ ಅದು ಬೇಕಿತ್ತು, ಅಷ್ಟೊಂದು ಅಪಘಾತಗಳಾಗಿದ್ದವು. ಆದರೂ ಫಲಿತಾಂಶವನ್ನು ನೋಡಿ: ಕಾರಿರುವವರು ಟೋಲ್ ಕಟ್ಟಿ ಮೇಲೆ ಹೋಗುತ್ತಾರೆ, ಬೈಕಿರುವವರು ಸರ್ವಿಸ್ ರಸ್ತೆಯಲ್ಲಿ. 2.45 ಎಂಬ ಸರಾಸರಿ ಅಂಕಿಯೊಳಗೆ ಇಂಥ ರಸ್ತೆಯೂ ಇದೆ, ಹಳ್ಳಿಯಿಂದ ಡೇರಿಗೆ ಹೋಗುವ ಮೂರು ಕಿಲೋಮೀಟರ್ ಡಾಂಬರೂ ಇದೆ. ಎರಡರಲ್ಲಿ ಆರಿಸಲು ಬಿಟ್ಟರೆ ಮಂಡ್ಯ ಜಿಲ್ಲೆಗೆ ನಾನು ಎರಡನೆಯದನ್ನೇ ಆರಿಸುವೆ.

ಹಾಲು, ಸಂಬಳ, ತೆರಿಗೆ ವಿನಾಯಿತಿ

ಹಾಲಿನ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಒಂದು ಕೋಟಿಗೆ 20 ಲಕ್ಷ ಲೀಟರ್. ದಿನಕ್ಕೆ ಹತ್ತು ಲೀಟರಿನಂತೆ ವರ್ಷದಲ್ಲಿ ಮುನ್ನೂರು ದಿನ ಹಾಕುವ ಮನೆಗೆ 15,000. ಹಸು ಕಟ್ಟಲು ಎಕರೆಗಟ್ಟಲೆ ಭೂಮಿ ಬೇಡ. ಬಟವಾಡೆ ಮನೆಯ ಹೆಂಗಸರ ಕೈಗೆ ಬರುವುದು ಹೆಚ್ಚು. ಹಸುವೇ ಇಲ್ಲದವರಿಗೆ ಏನೂ ಇಲ್ಲ ಎಂಬುದು ಕೊರತೆ, ಹಿಂಡಿ-ಬೂಸಾ ಹೊರಗಿನಿಂದ ಬರುವುದು ಸೋರಿಕೆ. ಇಷ್ಟಿದ್ದೂ ದುಡಿಮೆಗೆ ಅಂಟಿಕೊಂಡ, ಭೂಮಿಗೆ ಅಂಟಿಕೊಳ್ಳದ ಖರ್ಚು ಇದು. ನನ್ನ ಪಟ್ಟಿಯಲ್ಲಿ ಮೇಲೆಯೇ ಇದೆ.

ಬಿಟ್ಟಿ ಎಂಬ ಮಾತು ಎಲ್ಲಿ ಕೇಳುವುದಿಲ್ಲ ಎಂಬುದನ್ನೂ ಗಮನಿಸಿ. ರಾಜ್ಯದ ಏಳನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್‌ನಿಂದ ಸರ್ಕಾರಿ ನೌಕರರಿಗೆ ಶೇ 27.5 ಫಿಟ್‌ಮೆಂಟ್, ಅಂದರೆ ಮೂಲ ವೇತನದ ಏರಿಕೆ, ಸಿಕ್ಕಿತು, ವರ್ಷದ ಹೊರೆ ಸುಮಾರು 20 ಸಾವಿರ ಕೋಟಿ. ಒಂದು ಕೋಟಿಗೂ ಮೇಲ್ಪಟ್ಟ ಮನೆಗಳಿಗೆ ಹೋಗುವ ಗೃಹಲಕ್ಷ್ಮಿಗೆ ಸುಮಾರು 28 ಸಾವಿರ ಕೋಟಿ. ನೌಕರರಿಗೆ ಸಿಗಬೇಕಾದದ್ದು ಸಿಗಲಿ, ಅದರ ಮೇಲೆ ನನ್ನ ತಕರಾರಿಲ್ಲ. ಬೇಡಿಕೆ ಹುಟ್ಟಿಸುವ ಲೆಕ್ಕದಲ್ಲಿ ಮಾತ್ರ ಏರಿದ ಸಂಬಳದ ದೊಡ್ಡ ಪಾಲು ಮೈಸೂರಿನ ಸೈಟಿಗೆ, ಪಿಎಫ್‌ಗೆ, ಮಕ್ಕಳ ಡೊನೇಷನ್ನಿಗೆ ಹೋಗುತ್ತದೆ.

ತೆರಿಗೆ ವಿನಾಯಿತಿ ಈ ಸಾಲಿನ ಕೊನೆಯದು. 2019ರ ಸೆಪ್ಟೆಂಬರಿನಲ್ಲಿ ಕಂಪನಿ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಟ್ಟಂತಾಗುತ್ತದೆಂದು ಕೇಂದ್ರವೇ ಅಂದಾಜಿಸಿತ್ತು. ಇದೂ ಖರ್ಚೇ, ಹೆಸರು ಬೇರೆ ಅಷ್ಟೆ. ಮಂಡ್ಯದ ಸಂತೆಗೆ ಅದು ತಲುಪುವ ಹೊತ್ತಿಗೆ ಎಷ್ಟು ಉಳಿದಿರುತ್ತದೆ, ನೀವೇ ಲೆಕ್ಕ ಹಾಕಿ.

ದುಡ್ಡು ಯಾರ ಜೇಬಿನಿಂದ

ಇಲ್ಲಿಯವರೆಗೆ ಕೋಟಿ ಆಕಾಶದಿಂದ ಬಿತ್ತೆಂಬಂತೆ ಮಾತಾಡಿದೆವು. ರಾಜ್ಯದ 2025-26ರ ಬಜೆಟ್ 4.09 ಲಕ್ಷ ಕೋಟಿ, ಅದರಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 51 ಸಾವಿರ ಕೋಟಿ. ರಾಜ್ಯದ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಪ್ರಕಾರ ಬಜೆಟ್ಟಿನ ಕೊರತೆ, ಅಂದರೆ ಸಾಲ ಮಾಡಿ ತುಂಬುವ ಪಾಲು, ರಾಜ್ಯದ ಉತ್ಪನ್ನದ ಶೇ 3 ದಾಟಬಾರದು. ಹಾಗಾಗಿ ಒಂದು ಕಡೆ ಕೊಟ್ಟದ್ದು ಇನ್ನೊಂದು ಕಡೆಯಿಂದಲೇ ಬರಬೇಕು. 2024ರ ಜೂನ್‌ನಲ್ಲಿ ಪೆಟ್ರೋಲು, ಡೀಸೆಲ್ ಲೀಟರಿಗೆ ಸುಮಾರು 3 ರೂಪಾಯಿ ಏರಿತು. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಹೆಂಡತಿಗೆ ಟಿಕೆಟ್ ಇಲ್ಲ, ಗಂಡನಿಗೆ ಶೇ 15 ಜಾಸ್ತಿ. ಇಂಧನ, ಮದ್ಯ, ದಿನಬಳಕೆಯ ಸರಕಿನ ತೆರಿಗೆಯಲ್ಲಿ ಬಡವರ ಆದಾಯದ ಪಾಲೇ ಹೆಚ್ಚು. ಬಡವರಿಗೆ ಕೊಟ್ಟ ರೂಪಾಯಿಯನ್ನು ಬಡವರಿಂದಲೇ ಎತ್ತಿದರೆ ಮೇಲೆ ಹೇಳಿದ ಗುಣಕವೆಲ್ಲ ಅಲ್ಲಲ್ಲೇ ಕರಗುತ್ತದೆ. ಯೋಜನೆಯನ್ನು ಹೊಗಳುವ ಮುನ್ನ, ಬಯ್ಯುವ ಮುನ್ನವೂ, ಅದೇ ಬಜೆಟ್ಟಿನ ತೆರಿಗೆ ಪುಟವನ್ನು ಒಮ್ಮೆ ತಿರುವಿ ನೋಡಬೇಕು.

ಯಾವ ತಾಲ್ಲೂಕಿಗೆ ಯಾವುದು

ನಾಗಮಂಗಲದಂಥ ಒಣ ಸೀಮೆಯಲ್ಲಿ ಬೇಸಿಗೆಯ ಕೂಲಿ ಕೆಲಸ, ರಾಗಿ ಖರೀದಿ ಮೊದಲು. ಅಲ್ಲಿ ದುಡಿಯುವ ಕೈ ಖಾಲಿ ಇದೆ, ಕೆರೆಗೆ ಹೂಳು ತುಂಬಿದೆ, ಖರ್ಚಿಗೆ ಆದಾಯವೂ ಆಸ್ತಿಯೂ ಹುಟ್ಟುತ್ತವೆ.

ಮಂಡ್ಯ, ಪಾಂಡವಪುರದಂಥ ಅಚ್ಚುಕಟ್ಟಿನಲ್ಲಿ ಕಥೆ ತಿರುಗುಮುರುಗು. ಇಲ್ಲಿ ಭೂಮಿಗೆ ಅಂಟಿದ ಯಾವ ಖರ್ಚೂ, ಅದು ಗೊಬ್ಬರದ ಸಬ್ಸಿಡಿಯಾಗಲಿ ಪಂಪ್‌ಸೆಟ್ ವಿದ್ಯುತ್ತಾಗಲಿ, ಈಗಾಗಲೇ ಇರುವ ಅಂತರವನ್ನು ಅಗಲಿಸುತ್ತದೆ. ಆಲೆಮನೆಗಳಲ್ಲಿ ಉತ್ತರದಿಂದ ಬಂದ ಕೆಲಸಗಾರರು ದುಡಿಯುತ್ತಾರೆ, ಅವರ ಕೂಲಿಯ ದೊಡ್ಡ ಪಾಲು ಊರಿಗೆ ಹೋಗುತ್ತದೆ, ಹೋಗಲೇಬೇಕು. ಹಾಗಾಗಿ ಇಲ್ಲಿ ಬರಿಗೈ ಮನೆಗಳಿಗೆ ನೇರ ನಗದು, ಹಾಲು, ಸರ್ಕಾರಿ ಆಸ್ಪತ್ರೆ. ಆಸ್ಪತ್ರೆಯನ್ನು ಗುಣಕದ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ, ಆದರೆ ಕಂತಿನ ಸಾಲಕ್ಕೆ ದೂಡುವುದರಲ್ಲಿ ಕಾಯಿಲೆಯದೇ ದೊಡ್ಡ ಪಾಲು. ಮಳವಳ್ಳಿ, ಮದ್ದೂರಿನ ಕೊನೆ ಭಾಗಕ್ಕೆ ಮಾತ್ರ ನಾಲೆ ದುರಸ್ತಿ ಮೊದಲು ಬರಲಿ. ಅಲ್ಲಿ ನೀರೇ ಸಮಾನತೆಯ ಕೆಲಸ ಮಾಡುತ್ತದೆ.

ಮೈಸೂರು ನಗರದಲ್ಲಿ ನಗದಿನ ದೊಡ್ಡ ಶತ್ರು ಬಾಡಿಗೆ. ಎರಡು ಸಾವಿರ ಕೈಗೆ ಬಂದ ವರ್ಷವೇ ವಠಾರದ ಬಾಡಿಗೆ ಐನೂರು ಏರಿದರೆ ಕಾಲು ಭಾಗ ಮನೆ ಮಾಲೀಕನಿಗೆ ಹೋಯಿತು. ಇಲ್ಲಿ ಶಕ್ತಿ ಯೋಜನೆಯ ಉಚಿತ ಬಸ್ಸು ನಗದಿಗಿಂತ ಚೆನ್ನಾಗಿ ಕೆಲಸ ಮಾಡೀತು ಎಂದು ನನ್ನ ಅನಿಸಿಕೆ. ಅದನ್ನು ಬಾಡಿಗೆಯಾಗಿ ಕಿತ್ತುಕೊಳ್ಳಲು ಆಗುವುದಿಲ್ಲ, ಮತ್ತು ನಂಜನಗೂಡಿನಿಂದ, ಶ್ರೀರಂಗಪಟ್ಟಣದಿಂದ ಹೆಣ್ಣುಮಗಳೊಬ್ಬಳು ಹೆಬ್ಬಾಳ, ಹೂಟಗಳ್ಳಿಯ ಕೆಲಸಕ್ಕೆ ಬಂದು ಹೋಗಲು ಆಗುತ್ತದೆ. ಆದರೆ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ ಯಾವ ಕೆಲಸಕ್ಕೆ? ನಗರಕ್ಕೆಂದು ಬರುವ ಮುಂದಿನ ಕೋಟಿಯನ್ನು ಮೇಲ್ಸೇತುವೆಗೆ ಕೊಡುವ ಮೊದಲು ಪಾಳಿ ಶುರುವಾಗುವ ಆರು ಗಂಟೆಗೆ, ಬಿಡುವ ಎರಡಕ್ಕೆ, ರಾತ್ರಿ ಹತ್ತಕ್ಕೆ ಕೈಗಾರಿಕಾ ಪ್ರದೇಶಗಳಿಂದ ಹೊರಡುವ ಬಸ್ಸುಗಳಿಗೆ ಕೊಡಲಿ.